ಸ್ಟೀವ್ ಮಾರ್ಟಿನ್ ಮೈಕ್ ಬಿಟ್ಟಿದ್ದು ಯಾಕೆ?

'ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್' ಸರಣಿ ನೋಡಿದವರಿಗೆ ಸ್ಟೀವ್ ಮಾರ್ಟಿನ್ ಅಂದರೆ ಬೆಳ್ಳಿ ಕೂದಲಿನ ನಟ. ಬ್ಯಾಂಜೊ ಎಂಬ ತಂತಿವಾದ್ಯ ಕೇಳುವವರಿಗೆ ಅವರು ಗ್ರ್ಯಾಮಿ ಗೆದ್ದ ವಾದಕ. ಓದುವವರಿಗೆ ನಾಟಕಕಾರ, ಕಾದಂಬರಿಕಾರ. ಇಷ್ಟೆಲ್ಲ ಆಗುವ ಮೊದಲು ಅವರು ಅಮೆರಿಕದ ಅತಿ ದೊಡ್ಡ ಸ್ಟ್ಯಾಂಡ್-ಅಪ್ ಕಲಾವಿದ, ಅಂದರೆ ವೇದಿಕೆ ಮೇಲೆ ಒಬ್ಬರೇ ನಿಂತು ಜನರನ್ನು ನಗಿಸುವವರು. 1981ರಲ್ಲಿ ಅದನ್ನು ಬಿಟ್ಟೇಬಿಟ್ಟರು. ಸಿನಿಮಾದ ಆಸೆಗೆ ಬಿಟ್ಟರು ಅನ್ನುವವರೇ ಜಾಸ್ತಿ. ನಡೆದದ್ದು ಅಷ್ಟು ಸರಳವಲ್ಲ.

ಹುಟ್ಟಿದ್ದು 1945ರಲ್ಲಿ, ಟೆಕ್ಸಾಸ್‌ನ ವೇಕೊದಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಹತ್ತನೇ ವಯಸ್ಸಿಗೇ ಡಿಸ್ನಿಲ್ಯಾಂಡ್‌ನಲ್ಲಿ ಗೈಡ್ ಪುಸ್ತಕ ಮಾರಿದರು, ಆಮೇಲೆ ಅಲ್ಲಿನ ಮ್ಯಾಜಿಕ್ ಅಂಗಡಿಗೆ ಸೇರಿದರು. ಟಿವಿ ಕಾರ್ಯಕ್ರಮಕ್ಕೆ ಹಾಸ್ಯ ಬರೆದು 1969ರಲ್ಲಿ ತಂಡದ ಜೊತೆ ಎಮ್ಮಿ ಪ್ರಶಸ್ತಿಯನ್ನೂ ಪಡೆದರು. ಅಂದರೆ ಬರವಣಿಗೆ ಆಮೇಲೆ ಹಿಡಿದ ಹವ್ಯಾಸವಲ್ಲ, ಮೊದಲಿನಿಂದಲೂ ಕೈಯಲ್ಲಿದ್ದ ಕೆಲಸ.

ಕಾಲೇಜಿನಲ್ಲಿ ಅವರು ಓದಿದ್ದು ತತ್ವಶಾಸ್ತ್ರ. ಅದೇ ತಲೆಯಿಂದ ಜೋಕನ್ನೂ ಬಿಚ್ಚಿ ನೋಡಿದರು. ಜೋಕು ಹೇಳುವವನು ಕುತೂಹಲ ಕಟ್ಟುತ್ತಾನೆ, ಕೊನೆಯ ಮಾತು ಹೇಳಿ ನಿಲ್ಲಿಸುತ್ತಾನೆ. ನಿಲ್ಲಿಸಿದ ಅಂತ ಜನ ನಗುತ್ತಾರೆ. ಎಷ್ಟೋ ಸಲ ಅದು ಬರೀ ಅಭ್ಯಾಸದ ನಗು, ಅಲ್ವಾ? ಆ ಕೊನೆಯ ಮಾತನ್ನು ಹೇಳದೆಯೇ ಇದ್ದರೆ? ಎಲ್ಲಿ ನಗಬೇಕು ಅನ್ನುವುದನ್ನು ಜನವೇ ಆರಿಸಿಕೊಳ್ಳಲಿ ಎಂಬುದು ಅವರ ಲೆಕ್ಕ.

ಅದಕ್ಕೆ ಚಿಕ್ಕ ಹಾಲ್‌ಗಳೇ ಸರಿ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಒಂದು ರಾತ್ರಿ ಶೋ ಮುಗಿದರೂ ಹುಡುಗರು ಏಳಲಿಲ್ಲ. ಮುಗೀತು ಅಂದರೂ ಕೂತೇ ಇದ್ದರು. ಇವರು ಅವರ ನಡುವೆಯೇ ಹೊರಗೆ ನಡೆದರು, ಅವರೂ ಹಿಂದೆ ಬಂದರು. ದಾರಿಯಲ್ಲಿ ನೀರಿಲ್ಲದ ಈಜುಕೊಳ ಸಿಕ್ಕಿತು. ಎಲ್ಲರನ್ನೂ ಅದರೊಳಗೆ ಇಳಿಸಿ, ಅವರ ತಲೆಗಳ ಮೇಲೆ, ಎತ್ತಿದ ಕೈಗಳ ಮೇಲೆ ಈಜಿಕೊಂಡು ಹೋದರು! ಸ್ಟ್ಯಾಂಡ್-ಅಪ್ ಅಂದರೆ ಅವರಿಗೆ ಇದು. ಇವತ್ತು ಹೀಗೆ, ನಾಳೆ ಇನ್ನೊಂದು.

1976ರಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಟಿವಿ ಹಾಸ್ಯ ಕಾರ್ಯಕ್ರಮ ನಡೆಸಿಕೊಟ್ಟ ಮೇಲೆ ಜನ ನುಗ್ಗಿದರು. 1977 ಮತ್ತು 1978ರ ಎರಡೂ ಹಾಸ್ಯದ ಆಲ್ಬಮ್‌ಗಳಿಗೆ ಗ್ರ್ಯಾಮಿ ಬಂತು. ನೂರಾರು ಜನರ ಜಾಗದಲ್ಲಿ ಈಗ ಸಾವಿರಾರು ಜನ. ದೂರ ಕೂತವರಿಗೂ ಕಾಣಲಿ ಅಂತ ಬಿಳಿ ಸೂಟ್ ಹಾಕಿದರು. ಆದರೆ ಸಣ್ಣ ಮುಖಭಾವ, ಬೆರಳಿನ ಆಟ ಅಷ್ಟು ದೂರಕ್ಕೆ ಮುಟ್ಟುವುದು ಹೇಗೆ? ಮೇಲಾಗಿ ಜನರಿಗೆ ಮಾತುಗಳೆಲ್ಲ ಬಾಯಿಪಾಠ. ಇವರು ಹೇಳುವ ಮೊದಲೇ ಕೂಗುತ್ತಿದ್ದರು. ಹೊಸದನ್ನು ಪರೀಕ್ಷೆ ಮಾಡಿ ನೋಡಲು ಜಾಗವೇ ಉಳಿಯಲಿಲ್ಲ. ಅಭಿಮಾನಿಗಳು ಬಂದದ್ದು ಪ್ರೀತಿಯಿಂದಲೇ. ಆ ಪ್ರೀತಿಯ ಗಾತ್ರವೇ ಕಲೆಗೆ ಭಾರವಾಯಿತು. ಹತ್ತು ವರ್ಷ ಕಲಿತದ್ದು, ನಾಲ್ಕು ವರ್ಷ ತಿದ್ದಿದ್ದು, ನಾಲ್ಕು ವರ್ಷ ಭರ್ಜರಿ ಗೆಲುವು. ತಮ್ಮ ಹದಿನೆಂಟು ವರ್ಷಗಳನ್ನು ಆಮೇಲೆ ಅವರೇ ಹೀಗೆ ಲೆಕ್ಕ ಹಾಕಿದರು.

1979ರಲ್ಲಿ ಅವರು ನಟಿಸಿದ, ಕಾರ್ಲ್ ರೈನರ್ ನಿರ್ದೇಶನದ 'ದ ಜರ್ಕ್' ಸಿನಿಮಾ ಗೆದ್ದಿದ್ದರಿಂದ ಹೋಗಲು ಒಂದು ದಾರಿ ಇತ್ತು, ನಿಜ. ಮುಂದಿನದು ಚುಟುಕಾಗಿ ಹೇಳಬಹುದು: ಸಾಲು ಸಾಲು ಸಿನಿಮಾ, 1993ರಲ್ಲಿ ಐನ್‌ಸ್ಟೈನ್ ಮತ್ತು ಪಿಕಾಸೊ ಭೇಟಿಯಾಗುವ ನಾಟಕ, 2000ದಲ್ಲಿ ಕಿರುಕಾದಂಬರಿ, 2007ರಲ್ಲಿ ಸ್ಟ್ಯಾಂಡ್-ಅಪ್ ದಿನಗಳ ನೆನಪಿನ ಪುಸ್ತಕ, 2013ರಲ್ಲಿ ಗೌರವ ಆಸ್ಕರ್.

ವೇದಿಕೆಗೆ ಮತ್ತೆ ಬಂದಾಗ ಒಬ್ಬರೇ ಬರಲಿಲ್ಲ. ಪಕ್ಕದಲ್ಲಿ ಹಳೆಯ ಗೆಳೆಯ, ಹಾಸ್ಯನಟ ಮಾರ್ಟಿನ್ ಶಾರ್ಟ್ ಇದ್ದರು, ಒಬ್ಬರ ಕಾಲು ಇನ್ನೊಬ್ಬರು ಎಳೆಯುತ್ತಾ. ಜೊತೆಗೆ ಬ್ಯಾಂಜೊ.