ಹತ್ತಿ ಕಟ್ಟಿಗೆ ಪುಡಿ ಮಾಡಿ ಹೊಲಕ್ಕೇ ಬಿಟ್ಟರೆ ಗುಲಾಬಿ ಹುಳು ಜಾಸ್ತಿ ಆಗುತ್ತಾ?

ಪ್ರಶ್ನೆ: ನಮ್ಮದು ಎರೆ ಹೊಲ, ಬಿಟಿ ಹತ್ತಿ ಹಾಕುತ್ತೇವೆ. ಬಿಡಿಸಿ ಮುಗಿದ ಮೇಲೆ ಗಿಡ ಕಿತ್ತು ಬದುವಿಗೆ ಒಟ್ಟಿ ಬೆಂಕಿ ಹಚ್ಚುವುದು ನಮ್ಮ ಕಡೆ ರೂಢಿ. ಈ ಸಲ ಟ್ರ್ಯಾಕ್ಟರ್‌ಗೆ ಜೋಡಿಸುವ ಶ್ರೆಡ್ಡರ್ ಬಾಡಿಗೆಗೆ ಸಿಗುತ್ತಿದೆ. ಆದರೆ ಪುಡಿ ಮಾಡಿ ಹೊಲಕ್ಕೇ ಬಿಟ್ಟರೆ ಗುಲಾಬಿ ಕಾಯಿಕೊರಕ ಅಲ್ಲೇ ಉಳಿದು ಮುಂದಿನ ವರ್ಷ ಕಾಟ ಹೆಚ್ಚುತ್ತದೆ ಅಂತ ಪಕ್ಕದ ಹೊಲದವರು ಹೇಳುತ್ತಾರೆ. ನಿಜವಾ?

ಉತ್ತರ: ಪುಡಿ ಮಾಡುವುದರಿಂದ ಹುಳು ಹೆಚ್ಚುವುದಿಲ್ಲ. ಆದರೆ ಪುಡಿ ಮಾಡಿ ಸುಮ್ನೆ ಬಿಟ್ಟರೆ ಪೂರ್ತಿ ಕಡಿಮೆಯೂ ಆಗುವುದಿಲ್ಲ. ಶ್ರೆಡ್ಡರ್ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ನೇಗಿಲಿನದು. ಎರಡೂ ಬೇಗ ಆಗಬೇಕು.

ಹುಳು ಎಲ್ಲಿರುತ್ತದೆ ಎಂದು ಮೊದಲು ನೋಡೋಣ. ಅದು ಕಟ್ಟಿಗೆಯೊಳಗೆ ಇರುವುದಿಲ್ಲ. ಕೊನೆಯ ಬಿಡಿಸುವಿಕೆಯ ನಂತರ ಗಿಡದಲ್ಲಿ ಉಳಿದ ಅರೆಬರೆ ಬಿರಿದ ಕಾಯಿ, ಕೊಳೆತ ಕಾಯಿ, ಒಣಗಿ ಕಪ್ಪಾದ ಸಣ್ಣ ಕಾಯಿಗಳಲ್ಲಿ ಅದರ ಬಿಡಾರ. ಚಳಿಗಾಲದ ಹೊತ್ತಿಗೆ ಪೂರ್ತಿ ಬೆಳೆದ ಮರಿಹುಳು ತಿನ್ನುವುದನ್ನು ಬಿಟ್ಟು ಬೀಜದೊಳಗೆ ಮಲಗಿಬಿಡುತ್ತದೆ. ಕೆಲವು ಸಲ ಎರಡು ಬೀಜಗಳನ್ನು ನೂಲಿನಿಂದ ಅಂಟಿಸಿಕೊಂಡು ನಡುವೆ ಸೇರಿಕೊಳ್ಳುತ್ತದೆ. ಜೋಡಿ ಬೀಜ ಬಿಡಿಸಿ ನೋಡಿ, ಒಳಗೆ ಗುಲಾಬಿ ಬಣ್ಣದ ಹುಳು ಸಿಕ್ಕೀತು. ಇನ್ನು ಕೆಲವು ನೆಲಕ್ಕೆ ಬಿದ್ದು ಎರೆಮಣ್ಣಿನ ಬಿರುಕಿಗೆ ಇಳಿಯುತ್ತವೆ. ಹೀಗೆ ತಿಂಗಳುಗಟ್ಟಲೆ ಮಲಗಿ, ಮುಂದಿನ ಮಳೆಗೆ ಪತಂಗವಾಗಿ ಏಳುತ್ತವೆ.

ಈಗ ಬದುವಿನ ಮೇಲಿನ ಒಟ್ಟಿಲನ್ನು ನೆನೆಸಿಕೊಳ್ಳಿ. ಕಾಯಿ ಸಮೇತ ಒಟ್ಟಿದ ಕಟ್ಟಿಗೆ ಜೂನ್‌ವರೆಗೂ ಅಲ್ಲೇ ಇದ್ದರೆ, ಹುಳುವಿಗೆ ಬಿಸಿಲೂ ತಾಗುವುದಿಲ್ಲ, ಕೋಳಿ ಕೊಕ್ಕರೆಯೂ ಮುಟ್ಟುವುದಿಲ್ಲ. ಹೊಸ ಹತ್ತಿ ಮೊಗ್ಗು ಬಿಡುವಾಗ ಪತಂಗ ಹತ್ತು ಮಾರು ಹಾರಿದರೆ ಸಾಕು. ಊರಿನ ಹುಳುವನ್ನು ಸಾಕುವುದು ಈ ಒಟ್ಟಿಲೇ ಹೊರತು ಹೊಲದಲ್ಲಿನ ಪುಡಿ ಅಲ್ಲ.

ಬೆಂಕಿ ಹಚ್ಚಿದರೆ ಒಟ್ಟಿಲಿನ ಹುಳು ಸಾಯುವುದು ನಿಜ. ಆದರೆ ಕೀಳುವಾಗ, ಹೊರುವಾಗ ಉದುರಿದ ಕಾಯಿ ಹೊಲದಲ್ಲೇ ಉಳಿಯಿತು, ಬಿರುಕಿಗೆ ಇಳಿದದ್ದೂ ಉಳಿಯಿತು. ಜೊತೆಗೆ ಕಟ್ಟಿಗೆಯಲ್ಲಿದ್ದ ಸಾರಜನಕ ಹೆಚ್ಚುಕಡಿಮೆ ಪೂರ್ತಿ, ಗಂಧಕ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಹತ್ತಿಯಿಂದ ಎಕರೆಗೆ ಸುಮಾರು ಒಂದು ಟನ್ ಒಣ ಕಟ್ಟಿಗೆ ಬರುತ್ತದೆ. ಗೊಬ್ಬರದ ಗಾಡಿಗೆ ಕಾದು ಕೂರುವ ನಾವು ಒಂದು ಟನ್ ಸಾವಯವ ವಸ್ತುವನ್ನು ಕಡ್ಡಿ ಗೀರಿ ಕಳೆಯುವುದು ನನಗಂತೂ ಸಂಕಟದ ವಿಷಯ. ಇಂಗಾಲ ತೀರಾ ಕಡಿಮೆ ಇರುವ ನಮ್ಮ ಬಯಲುಸೀಮೆ ಮಣ್ಣಿಗೆ ಅದು ಬೇಕೇ ಬೇಕು.

ಗಿಡ ಪುಡಿ ಮಾಡಿ ಉಳುವುದು ಹೊಸ ಉಪಾಯವೂ ಅಲ್ಲ. ಅಮೆರಿಕದ ಹತ್ತಿ ಸೀಮೆಯಲ್ಲಿ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು 2018ರಲ್ಲಿ ಘೋಷಿಸಿದರು. ಬಿಟಿ ಬೀಜ (ಕಾಯಿಕೊರಕಕ್ಕೆ ವಿಷವಾಗುವ ಜೀನು ಸೇರಿಸಿದ್ದು), ಬಂಜೆ ಪತಂಗಗಳನ್ನು ಹಾರಿಬಿಡುವುದು, ಗಂಡು ಪತಂಗದ ದಾರಿ ತಪ್ಪಿಸುವ ವಾಸನೆ, ಇವೆಲ್ಲದರ ಜೊತೆಗೆ ಕೊಯ್ಲಾದ ಮೇಲೆ ಗಿಡ ಕತ್ತರಿಸಿ ಮಣ್ಣಿಗೆ ಸೇರಿಸುವುದನ್ನೂ ಅಲ್ಲಿ ಬಿಗಿಯಾಗಿ ನಡೆಸಿದರು. ನಮ್ಮಲ್ಲಿ ಬಿಟಿ ಹತ್ತಿ 2002ರಲ್ಲಿ ಬಂತು, ಎರಡು ಜೀನಿನ ತಳಿ 2006ರಲ್ಲಿ ಬಂತು. ಈ ಹುಳು ಎರಡನ್ನೂ ಜೀರ್ಣಿಸಿಕೊಂಡಿದೆ. ಬೀಜ ನಮ್ಮನ್ನು ಕಾಯುತ್ತದೆ ಎಂಬ ಧೈರ್ಯ ಈಗ ಉಳಿದಿಲ್ಲ. ಹಾಗಾಗಿ ಬೆಳೆಯಿಲ್ಲದ ನಾಲ್ಕೈದು ತಿಂಗಳು ನಾವು ಹೊಲದಲ್ಲಿ ಏನು ಮಾಡುತ್ತೇವೆ ಅನ್ನುವುದು ತುಂಬಾ ಮುಖ್ಯ.

ಯಂತ್ರದ ವಿಷಯಕ್ಕೆ ಬರೋಣ. ಬಾಡಿಗೆಗೆ ಸಿಗುವುದರಲ್ಲಿ ಎರಡು ಬಗೆ. ಒಂದು ಸ್ಲ್ಯಾಶರ್: ತಟ್ಟೆಯ ಕೆಳಗೆ ಎರಡು ಮೂರು ದಪ್ಪ ಬ್ಲೇಡ್ ಫ್ಯಾನಿನ ಹಾಗೆ ಅಡ್ಡಡ್ಡ ತಿರುಗುತ್ತವೆ. ಗಿಡ ಕತ್ತರಿಸುತ್ತದೆ, ಆದರೆ ತುಂಡು ಉದ್ದುದ್ದ ಬೀಳುತ್ತದೆ, ಎಷ್ಟೋ ಕಾಯಿ ಇಡಿಯಾಗಿ ಉಳಿಯುತ್ತವೆ. ಇನ್ನೊಂದು ಮಲ್ಚರ್ ಅಥವಾ ಶ್ರೆಡ್ಡರ್: ಅಡ್ಡ ಉರುಳೆಗೆ ಹತ್ತಾರು ಸುತ್ತಿಗೆ ಅಥವಾ ವೈ ಆಕಾರದ ಬ್ಲೇಡ್ ತೂಗುಬಿಟ್ಟಿರುತ್ತವೆ. ಅವು ಗಿಡವನ್ನು ಬಡಿದು ಜಜ್ಜಿ ಹಾಕುತ್ತವೆ, ಕಾಯಿಯೂ ಒಡೆಯುತ್ತದೆ. ಹುಳುವಿನ ದೃಷ್ಟಿಯಿಂದ ಎರಡನೆಯದೇ ಬೇಕು. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಅದನ್ನೇ ಕೇಳಿ.

ಐದಾರು ಅಡಿ ಅಗಲದ ಯಂತ್ರ ಮೂರು ಅಡಿ ಸಾಲಿನ ಹತ್ತಿಯಲ್ಲಿ ಒಂದು ಸಲಕ್ಕೆ ಎರಡು ಸಾಲು ಹಿಡಿಯುತ್ತದೆ. ಅಷ್ಟಕ್ಕೆ ನಲವತ್ತೈದು, ಐವತ್ತು ಎಚ್‌ಪಿ ಟ್ರ್ಯಾಕ್ಟರ್ ಬೇಕು. ಪಿಟಿಒ, ಅಂದರೆ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರ್ ಹಿಂದಿನ ಶಾಫ್ಟ್, ನಿಮಿಷಕ್ಕೆ 540 ಸುತ್ತಿನಲ್ಲಿ ಓಡಬೇಕು. ಡೀಸೆಲ್ ಉಳಿಸಲು ಆಕ್ಸಲರೇಟರ್ ಇಳಿಸಿ, ಎತ್ತರದ ಗೇರಿನಲ್ಲಿ ಓಡಿಸುವವರಿದ್ದಾರೆ. ಆಗ ಬ್ಲೇಡಿನ ವೇಗ ಇಳಿದು ಗಿಡ ಬರೀ ಬಾಗಿ ಮಲಗುತ್ತದೆ. ಎಂಜಿನ್ ಮೀಟರಿನಲ್ಲಿ ಪಿಟಿಒ ಗುರುತು ಇರುತ್ತದೆ, ಮುಳ್ಳು ಅಲ್ಲೇ ನಿಲ್ಲಲಿ. ಗೇರು ಸಣ್ಣದಿರಲಿ. ಬ್ಲೇಡ್ ನೆಲಕ್ಕೆ ಹತ್ತಿರ ಇರಬೇಕು, ಮಣ್ಣು ಕೆದರಬಾರದು. ಕಾಂಡ ಪೂರ್ತಿ ಒಣಗಿ ಪಟ್ಟೆನ್ನುವಾಗ ಪುಡಿ ಚೆನ್ನಾಗಿ ಆಗುತ್ತದೆ. ಹಸಿ ನಾರು ಉರುಳೆಗೆ ಸುತ್ತಿಕೊಳ್ಳುತ್ತದೆ.

ಸುತ್ತಿಕೊಂಡಾಗಲೇ ಅಪಾಯ. ಪಿಟಿಒ ಬಿಡಿಸಿದ ಮೇಲೂ ಉರುಳೆ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಎಲ್ಲ ನಿಂತಿದೆ ಎಂದು ಕಣ್ಣಾರೆ ಕಂಡ ಮೇಲೆ ಮಾತ್ರ ಕೈ ಹಾಕಬೇಕು. ತಿರುಗುವ ಶಾಫ್ಟ್‌ಗೆ ಮುಚ್ಚಳ ಇಲ್ಲದ ಯಂತ್ರವನ್ನು ಹೊಲಕ್ಕೆ ಇಳಿಸಲೇಬೇಡಿ. ಟವೆಲ್ ತುದಿ, ಪಂಚೆ ಅಂಚು, ಸೀರೆ ಸೆರಗು ಒಂದು ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಕಲ್ಲು ಗುಂಡಿನ ಹಾಗೆ ಹಾರುತ್ತದೆ. ಮುನ್ನೂರು ಅಡಿಯೊಳಗೆ ಮಕ್ಕಳು, ಆಳು, ದನ ಯಾರೂ ಇರಬಾರದು. ಹೊಸ ಯಂತ್ರ ಬಂತೆಂದು ಮಕ್ಕಳು ಹಿಂದೆ ಓಡುವುದು ಹಳ್ಳಿಯಲ್ಲಿ ಸಾಮಾನ್ಯ. ಅವರನ್ನು ತಡೆಯುವ ಹೊಣೆ ಹೊಲದ ಯಜಮಾನನದೇ.

ಪುಡಿಯಾದ ಮೇಲೆ ನೆಲದಲ್ಲಿ ಮೋಟು ಉಳಿಯುತ್ತದೆ. ಹತ್ತಿಯ ತಾಯಿಬೇರು ಗಟ್ಟಿ. ತೇವ ಇದ್ದರೆ ಮೋಟು ಚಿಗುರುತ್ತದೆ, ಆ ಚಿಗುರಿನಲ್ಲಿ ಹಿಟ್ಟು ತಿಗಣೆ, ಬಿಳಿನೊಣ ಬೇಸಿಗೆ ಕಳೆಯುತ್ತವೆ. ತುಂಗಭದ್ರಾ, ಕೃಷ್ಣಾ ಕಾಲುವೆ ನೀರಿರುವ ರಾಯಚೂರು, ಯಾದಗಿರಿ ಹೊಲಗಳಲ್ಲಿ ಈ ತೊಂದರೆ ಹೆಚ್ಚು. ಅದಕ್ಕೇ ನೇಗಿಲು. ಪಲ್ಟಿ ನೇಗಿಲಿನಿಂದ ಅರ್ಧ ಅಡಿಗಿಂತ ಆಳ ಉತ್ತರೆ ಮೋಟು ಬುಡಮೇಲಾಗುತ್ತದೆ, ಕಾಯಿಚೂರು ಮಣ್ಣಿನಡಿ ಸೇರುತ್ತದೆ. ಅಷ್ಟು ಆಳದಿಂದ ಪತಂಗ ಮೇಲೆ ಬರುವುದು ಕಷ್ಟ. ರೋಟವೇಟರ್ ಒಂದನ್ನೇ ಹೊಡೆದು ಮುಗಿಸಬೇಡಿ, ಅದು ಮೇಲುಮೇಲಕ್ಕೆ ಕಲಸುತ್ತದೆ ಅಷ್ಟೇ. ಒಮ್ಮೆ ಹೂತ ಮೇಲೆ ಮತ್ತೆ ಆಳ ಉತ್ತು ಅದನ್ನೇ ಮೇಲೆ ತರುವುದೂ ಬೇಡ. ಬೇಸಿಗೆ ಮಳೆಯ ನಂತರ ಕುಂಟೆ ಸಾಕು.

ಶ್ರೆಡ್ಡರ್‌ಗೂ ಮೊದಲು ಒಂದು ಕೆಲಸ ಮಾಡಿದರೆ ಬಹಳ ಲಾಭ. ಕುರಿಗಾರರನ್ನು ಕರೆದು ಹೊಲದಲ್ಲಿ ಮಂದೆ ಬಿಡಿ. ಉಳಿದ ಕಾಯಿ, ಎಲೆ ಎಲ್ಲ ಕುರಿ ಮೇಕೆಯ ಹೊಟ್ಟೆಗೆ, ಹುಳು ಸಮೇತ. ಕಾಸಿಲ್ಲದೆ ಹಿಕ್ಕೆ ಗೊಬ್ಬರವೂ ಬೀಳುತ್ತದೆ. ಇತ್ತೀಚೆಗೆ ಔಷಧಿ ಹೊಡೆದಿದ್ದರೆ ಕುರಿಗಾರರಿಗೆ ಮುಚ್ಚಿಡದೆ ಹೇಳಿ, ಲೇಬಲ್ಲಿನಲ್ಲಿರುವಷ್ಟು ದಿನ ಕಾಯಿರಿ.

ಸಾರಜನಕದ ಲೆಕ್ಕ ಒಂದಿದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹತ್ತಿ ಕಡ್ಡಿಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಸಾಲದ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಮಳೆಯಾಶ್ರಿತ ಹೊಲದಲ್ಲಿ ಜನವರಿ ನಂತರ ತೇವವೇ ಇರುವುದಿಲ್ಲ, ಕಡ್ಡಿ ಹಾಗೇ ಬಿದ್ದಿರುತ್ತದೆ. ಕೊಳೆಯುವುದು ಶುರುವಾಗುವುದು ಮುಂಗಾರಿಗೆ, ಅಂದರೆ ಸರಿಯಾಗಿ ನಿಮ್ಮ ಬಿತ್ತನೆ ಹೊತ್ತಿಗೆ. ಆಗ ಪೈರು ಹಳದಿಯಾದರೆ ಪುಡಿ ಕೆಡಿಸಿತು ಅಂತ ಬೈಯ್ಯಬೇಡಿ, ಕಡ್ಡಿ ಕೊಳೆಯುತ್ತಾ ಬಂದ ಹಾಗೆ ಅದೇ ಸಾರಜನಕ ನಿಧಾನಕ್ಕೆ ಮಣ್ಣಿಗೆ ಮರಳುತ್ತದೆ. ಜೋಳ, ಮೆಕ್ಕೆಜೋಳ, ಹತ್ತಿ ಬಿತ್ತುವುದಾದರೆ ಬಿತ್ತನೆ ಗೊಬ್ಬರದ ಸಾರಜನಕ ತಪ್ಪಿಸಬೇಡಿ. ಹೆಸರು, ತೊಗರಿ ಹಾಕಿದರೆ ಚಿಂತೆ ಕಡಿಮೆ. ಹುಳುವಿಗೂ ಒಂದು ವರ್ಷ ಅನ್ನ ತಪ್ಪುತ್ತದೆ. ಬೇಸಿಗೆಯಲ್ಲಿ ಒಣ ಕಡ್ಡಿಯ ಮೇಲೆ ಯೂರಿಯಾ ಎರಚುವುದು ಮಾತ್ರ ದುಡ್ಡು ಗಾಳಿಗೆ ತೂರಿದಂತೆ, ಅದು ಅಮೋನಿಯಾ ಆಗಿ ಹಾರುತ್ತದೆ. ಕೊಳೆಸುವ ದ್ರಾವಣಗಳೂ ತೇವ ಇಲ್ಲದೆ ಕೆಲಸ ಮಾಡುವುದಿಲ್ಲ.

ಬೇರು ಕೊಳೆ ರೋಗ ಬಂದ ಜಾಗ ಇದ್ದರೆ ಅಲ್ಲಿನ ಗಿಡಗಳನ್ನು ಬೇರು ಸಮೇತ ಕಿತ್ತು ಹೊರಹಾಕಿ. ಅದನ್ನು ಪುಡಿ ಮಾಡಿ ಹೊಲದ ತುಂಬ ಹರಡುವುದು ಬೇಡ.

ಎಲ್ಲಕ್ಕಿಂತ ಹೆಚ್ಚು ಬೆಲೆ ತಾರೀಖಿಗೆ. ನೀರಿದೆ, ಇನ್ನೊಂದು ಬಿಡಿಸುವಿಕೆ ಸಿಗುತ್ತದೆ ಎಂದು ಮಾರ್ಚ್, ಏಪ್ರಿಲ್‌ವರೆಗೆ ಗಿಡ ಇಟ್ಟುಕೊಂಡರೆ ಹುಳುವಿಗೆ ಇನ್ನೆರಡು ತಲೆಮಾರು ಸಿಗುತ್ತದೆ. ಆ ಕೊನೆಯ ಹತ್ತಿಯ ಗುಣವೂ ಅಷ್ಟಕ್ಕಷ್ಟೇ. ಜನವರಿಯೊಳಗೆ ಬೆಳೆ ಮುಗಿಸಿ, ಒಂದು ವಾರದೊಳಗೆ ಪುಡಿ ಮಾಡಿ ಉಳುವುದು ನನ್ನ ಸಲಹೆ. ಮುಂದಿನ ಹತ್ತಿಯನ್ನು ಮಳೆಗೆ ಮುಂಚೆ, ಮೇನಲ್ಲೇ ಬಿತ್ತಬೇಡಿ. ಮೊದಲ ಮಳೆಗೆ ಎದ್ದ ಪತಂಗಕ್ಕೆ ಮೊಗ್ಗು ಸಿಗದಿದ್ದರೆ ಅದರ ಸಂತಾನ ಅಲ್ಲಿಗೆ ನಿಲ್ಲುತ್ತದೆ.

ಇನ್ನು ಉರುವಲು. ಹತ್ತಿ ಕಟ್ಟಿಗೆಯಿಂದಲೇ ಒಲೆ ಉರಿಯುವ ಮನೆಗಳು ನಮ್ಮಲ್ಲಿ ಇನ್ನೂ ಬಹಳ ಇವೆ. ಅವರಿಗೆ ಎಲ್ಲ ಪುಡಿ ಮಾಡಿ ಎನ್ನುವುದು ನ್ಯಾಯವಲ್ಲ. ಬೇಕಾದಷ್ಟು ಮಾತ್ರ ಎತ್ತಿಡಿ. ಒಟ್ಟುವ ಮೊದಲು ಕಾಯಿ ಬಡಿದು ಉದುರಿಸಿ ಸುಟ್ಟುಬಿಡಿ. ಒಟ್ಟಿಲು ಹೊಲದಿಂದ ದೂರ ಇರಲಿ, ಮೇ ಮುಗಿಯುವುದರೊಳಗೆ ಉರಿಸಿ ಮುಗಿಸಿ. ಉಳಿದರೆ ಪಕ್ಕದಲ್ಲಿ ಒಂದೆರಡು ಮೋಹಕ ಬಲೆ (ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವಂಥದ್ದು) ನೇತುಹಾಕಿ.

ಯಂತ್ರಕ್ಕಾಗಿ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ವಿಚಾರಿಸಿ. ಎಲ್ಲರ ಹತ್ತಿ ಒಟ್ಟಿಗೆ ಮುಗಿಯುತ್ತದೆ, ಸರದಿ ಉದ್ದ ಇರುತ್ತದೆ. ಸಾಧ್ಯವಾದರೆ ಸುತ್ತಲಿನ ನಾಲ್ಕಾರು ಹೊಲದವರು ಸೇರಿ ಒಂದೇ ವಾರ ಗೊತ್ತು ಮಾಡಿಕೊಳ್ಳಿ, ಆ ಪಕ್ಕದ ಹೊಲದವರನ್ನೂ ಸೇರಿಸಿಕೊಂಡು. ಪತಂಗಕ್ಕೆ ಬದು ಯಾವ ಲೆಕ್ಕ, ಅಲ್ವಾ?