ಅಧ್ಯಕ್ಷರ ಬಾಗಿಲಲ್ಲಿ ಯಾರು ನಿಲ್ಲಬೇಕು?

2017ರ ಜುಲೈ 28ರ ಸಂಜೆ ವಾಷಿಂಗ್ಟನ್ ಹೊರವಲಯದ ಆಂಡ್ರ್ಯೂಸ್ ವಾಯುನೆಲೆಯಲ್ಲಿ ಮಳೆ. ಲಾಂಗ್ ಐಲೆಂಡ್‌ನಿಂದ ಹಿಂದಿರುಗಿದ ಅಧ್ಯಕ್ಷರ ವಿಮಾನ ಆಗಷ್ಟೇ ನೆಲಕ್ಕಿಳಿದಿತ್ತು. ಅಷ್ಟರಲ್ಲಿ ಡೊನಾಲ್ಡ್ ಟ್ರಂಪ್ ಅವರ ಟ್ವೀಟ್ ಹೊರಬಿತ್ತು: ಜಾನ್ ಕೆಲ್ಲಿ ಶ್ವೇತಭವನದ ಹೊಸ ಚೀಫ್ ಆಫ್ ಸ್ಟಾಫ್. ಅಲ್ಲಿಯವರೆಗೆ ಆ ಹುದ್ದೆಯಲ್ಲಿದ್ದ ರೈನ್ಸ್ ಪ್ರೀಬಸ್ ಅದೇ ವಿಮಾನದಲ್ಲಿ ಬಂದು, ಕೆಳಗೆ ಸಾಲುಗಟ್ಟಿದ್ದ ಬೆಂಗಾವಲು ವಾಹನಗಳ ಪೈಕಿ ಒಂದರಲ್ಲಿ ಕುಳಿತಿದ್ದರು. ಪಕ್ಕದಲ್ಲಿದ್ದ ಇಬ್ಬರು ಸಹೋದ್ಯೋಗಿಗಳು ಇಳಿದು ಬೇರೆ ಕಾರು ಹತ್ತಿದರು. ಪ್ರೀಬಸ್ ಅವರ ಕಾರು ಸಾಲಿನಿಂದ ಬೇರ್ಪಟ್ಟು ತನ್ನ ದಾರಿ ಹಿಡಿಯಿತು. ಅಧಿಕಾರಕ್ಕೆ ಬಂದು ಆಗಿನ್ನೂ ಆರು ತಿಂಗಳು ತುಂಬಿತ್ತು.

ನಮ್ಮ ಪತ್ರಿಕೆಗಳು ಈ ಹುದ್ದೆಯನ್ನು 'ಸಿಬ್ಬಂದಿ ಮುಖ್ಯಸ್ಥ' ಎಂದು ಬರೆಯುತ್ತವೆ. ಓದಿದವರಿಗೆ ಹಾಜರಿ ಪುಸ್ತಕ ನೋಡಿಕೊಂಡು, ರಜೆ ಅರ್ಜಿಗೆ ಸಹಿ ಹಾಕುವ ಆಡಳಿತಾಧಿಕಾರಿ ಕಣ್ಣಮುಂದೆ ಬಂದರೆ ಅವರ ತಪ್ಪಲ್ಲ. ನಿಜದಲ್ಲಿ ಅಧ್ಯಕ್ಷರ ಮೇಜಿಗೆ ಯಾವ ಕಡತ ಹೋಗಬೇಕು, ಯಾರಿಗೆ ಎಷ್ಟು ನಿಮಿಷದ ಭೇಟಿ, ಯಾವ ಜಗಳ ಒಳಗೆ ಬರಬೇಕು, ಯಾವುದು ಹೊರಗೇ ಇತ್ಯರ್ಥವಾಗಬೇಕು ಎನ್ನುವುದೆಲ್ಲ ಈ ಒಬ್ಬರ ಕೈಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಆ ಪೂಜಾರಿ ಇವರೇ. ಸಂಪುಟ ಸದಸ್ಯರಿಗೆ ಸೆನೆಟ್‌ನ ಒಪ್ಪಿಗೆ ಬೇಕು, ಇವರಿಗೆ ಬೇಡ. ಸಂವಿಧಾನದಲ್ಲಿ ಈ ಹುದ್ದೆಯ ಹೆಸರೇ ಇಲ್ಲ. ಹಾಗಾಗಿ ಚುನಾವಣೆ ಗೆದ್ದವರು ಯಾರನ್ನೂ ಕೇಳದೆ ಮಾಡಬಹುದಾದ ನೇಮಕ ಇದು, ಬಹುತೇಕ ಸಲ ಮೊದಲನೆಯದೂ ಹೌದು. ಸ್ವಂತ ಇಷ್ಟಕ್ಕೆ ಬಿಟ್ಟ ಈ ಆಯ್ಕೆಯಲ್ಲೇ ಅಧ್ಯಕ್ಷರುಗಳು ಮತ್ತೆ ಮತ್ತೆ ಎಡವಿದ್ದಾರೆ.

ಅಮೆರಿಕದ ಅಧ್ಯಕ್ಷರಿಗೆ ಮೊದಲೆಲ್ಲ ಕಚೇರಿಯೆಂದು ಹೇಳಿಕೊಳ್ಳುವಂಥದ್ದು ಇರಲಿಲ್ಲ. ಆಂಡ್ರ್ಯೂ ಜಾಕ್ಸನ್ ತಮ್ಮ ಹೆಂಡತಿಯ ಸೋದರನ ಮಗನನ್ನೇ ಕಾರ್ಯದರ್ಶಿ ಮಾಡಿಕೊಂಡಿದ್ದರು. ಅಧ್ಯಕ್ಷರ ಆಪ್ತ ಕಾರ್ಯದರ್ಶಿಗೆ ಸಂಬಳವೆಂದು ಸಂಸತ್ತು ಹಣ ಕೊಟ್ಟದ್ದೇ 1857ರಲ್ಲಿ. 1930ರ ದಶಕದ ಮಹಾ ಆರ್ಥಿಕ ಕುಸಿತದ ಹೊತ್ತಿಗೆ ಸರ್ಕಾರ ಊರಗಲ ಬೆಳೆದಿತ್ತು. ಫ್ರಾಂಕ್ಲಿನ್ ರೂಸ್ವೆಲ್ಟ್ ನೇಮಿಸಿದ ಬ್ರೌನ್‌ಲೋ ಸಮಿತಿ 1937ರಲ್ಲಿ ಕೊಟ್ಟ ವರದಿಯ ಸಾರ ಒಂದೇ ಮಾತು: ಅಧ್ಯಕ್ಷರಿಗೆ ನೆರವು ಬೇಕು. ಹೆಸರಿನ ಹಂಬಲವಿಲ್ಲದ, ತೆರೆಮರೆಯಲ್ಲೇ ಇರಬಯಸುವ ಸಹಾಯಕರು ಬೇಕೆಂದೂ ಅದು ಹೇಳಿತು. 1939ರಲ್ಲಿ ಅಧ್ಯಕ್ಷರ ಕಾರ್ಯಾಲಯ ವಿಧಿವತ್ತಾಗಿ ಸ್ಥಾಪನೆಯಾಯಿತು. ಆದರೂ ರೂಸ್ವೆಲ್ಟ್ ಒಬ್ಬ ಮುಖ್ಯಸ್ಥನನ್ನು ನೇಮಿಸಲಿಲ್ಲ. ನಾಲ್ವರಿಗೆ ಒಂದೇ ಕೆಲಸ ವಹಿಸಿ, ಅವರು ಕಾದಾಡುವುದನ್ನು ನೋಡಿ ಸತ್ಯ ತಿಳಿಯುವುದು ಅವರ ಜಾಣತನವಾಗಿತ್ತು.

ಒಬ್ಬನನ್ನೇ ಬಾಗಿಲಲ್ಲಿ ನಿಲ್ಲಿಸುವ ಪದ್ಧತಿ ಬಂದದ್ದು ಸೇನೆಯಿಂದ ಬಂದ ಐಸೆನ್‌ಹೋವರ್ ಅವರಿಂದ. ದಂಡಿನಲ್ಲಿ ಬದುಕು ಕಳೆದವರಿಗೆ ಅದು ಸಹಜವೇ. ನ್ಯೂ ಹ್ಯಾಂಪ್‌ಶೈರ್‌ನ ಗವರ್ನರ್ ಆಗಿದ್ದ ಶೆರ್ಮನ್ ಆಡಮ್ಸ್ 1953ರಲ್ಲಿ ಆ ಕೆಲಸಕ್ಕೆ ಬಂದರು. ಮಾತು ಕಡಿಮೆ, ಕೇಳಿದ್ದಕ್ಕೆಲ್ಲ 'ಇಲ್ಲ' ಎನ್ನುವ ಗಡಸು ಆಸಾಮಿ. ಅವರ ಷರಾ ಬೀಳದ ಕಾಗದ ಅಧ್ಯಕ್ಷರ ಮೇಜು ಸೇರುವುದು ಕಷ್ಟವಿತ್ತು. ಇಷ್ಟು ಬಿಗಿಯಾಗಿದ್ದ ಮನುಷ್ಯ 1958ರಲ್ಲಿ ಬಿದ್ದದ್ದು ಒಂದು ಕೋಟಿನಿಂದ. ಜವಳಿ ಉದ್ಯಮಿ ಬರ್ನಾರ್ಡ್ ಗೋಲ್ಡ್‌ಫೈನ್ ಕೊಟ್ಟಿದ್ದ ವಿಕುನ್ಯಾ ಉಣ್ಣೆಯ ಕೋಟು ಮತ್ತಿತರ ಉಡುಗೊರೆಗಳು ಬಯಲಾಗಿ ರಾಜೀನಾಮೆ ಕೊಡಬೇಕಾಯಿತು. ಎಲ್ಲರಿಗೂ ಇಲ್ಲವೆಂದವರು ಆ ಒಬ್ಬರಿಗೆ ಹೌದೆಂದಿದ್ದರು.

ನಿಕ್ಸನ್ ಕಾಲದಲ್ಲಿ ಈ ಯಂತ್ರ ಪೂರ್ಣರೂಪಕ್ಕೆ ಬಂದಿತು. ಜಾಹೀರಾತು ಕಂಪನಿಯಿಂದ ಬಂದ ಎಚ್.ಆರ್. ಹಾಲ್ಡಮನ್ ರೂಪಿಸಿದ ಕಡತ ನಿರ್ವಹಣೆಯ ಕ್ರಮವೇ ಮುಂದಿನವರಿಗೂ ಮೇಲ್ಪಂಕ್ತಿ. ಸಿಟ್ಟಿನಲ್ಲಿ ನಿಕ್ಸನ್ ಕೊಡುತ್ತಿದ್ದ ಕೆಲವು ಆದೇಶಗಳನ್ನು ಅವರು ಬೇಕೆಂದೇ ಮೂಲೆಗೆ ಸೇರಿಸುತ್ತಿದ್ದುದೂ ಉಂಟು. ಆದರೆ ವಿರೋಧ ಪಕ್ಷದ ಕಚೇರಿಗೆ ಕಳ್ಳರಂತೆ ನುಗ್ಗಿದ ವಾಟರ್‌ಗೇಟ್ ಪ್ರಕರಣದ ತನಿಖೆಯಿಂದ ಎಫ್‌ಬಿಐಯನ್ನು ಹಿಂದೆ ಸರಿಸಲು ಸಿಐಎಯನ್ನು ಬಳಸುವ ಮಾತು 1972ರ ಜೂನ್ 23ರಂದು ನಡೆದಾಗ, ಧ್ವನಿಸುರುಳಿಯಲ್ಲಿ ನಿಕ್ಸನ್ ಜೊತೆ ಕೇಳಿಬರುವುದು ಹಾಲ್ಡಮನ್ ಅವರ ದನಿಯೇ. ಹೊರಗಿನಿಂದ ಬರುವವರನ್ನು ಅಷ್ಟು ಚೆನ್ನಾಗಿ ತಡೆಯುತ್ತಿದ್ದವರು ಒಳಗಿನ ಮಾತನ್ನು ತಡೆಯಲಿಲ್ಲ. ಹದಿನೆಂಟು ತಿಂಗಳು ಜೈಲಿನಲ್ಲಿದ್ದರು.

ಆ ಕಹಿಯಿಂದಾಗಿ ಮುಖ್ಯಸ್ಥ ಎಂಬ ಪದವೇ ವಾಷಿಂಗ್ಟನ್‌ನಲ್ಲಿ ಮೈಲಿಗೆಯಾಯಿತು. ಜೆರಾಲ್ಡ್ ಫೋರ್ಡ್ ಸೈಕಲ್ ಚಕ್ರದ ಮಾದರಿ ಎಂದರು: ಅಧ್ಯಕ್ಷರು ನಡುವಿನ ಗುಂಭ, ಸಹಾಯಕರೆಲ್ಲ ಕಡ್ಡಿಗಳು, ಯಾರು ಬೇಕಾದರೂ ನೇರವಾಗಿ ಒಳಬರಬಹುದು. ಕೆಲವೇ ವಾರಗಳಲ್ಲಿ ಫೋರ್ಡ್ ಸುಸ್ತು. ಡೊನಾಲ್ಡ್ ರಮ್ಸ್‌ಫೆಲ್ಡ್ ಬಂದು ಬಾಗಿಲಿಗೆ ಅಗುಳಿ ಹಾಕಿದರು. 1975ರಲ್ಲಿ ಅವರ ಜಾಗಕ್ಕೆ ಬಂದ ಡಿಕ್ ಚೇನಿಗೆ ಆಗ 34 ವರ್ಷ. ಫೋರ್ಡ್ ಸೋತು ಹೊರಡುವಾಗ ಸಿಬ್ಬಂದಿ ಚೇನಿಗೆ ಹಲಗೆಗೆ ಜೋಡಿಸಿದ ಒಂದು ಸೈಕಲ್ ಚಕ್ರವನ್ನು ಉಡುಗೊರೆ ಕೊಟ್ಟರು. ಕಡ್ಡಿಗಳೆಲ್ಲ ಮುರಿದು ಒಂದೇ ಉಳಿದಿತ್ತು. ಚೇನಿ ಅದನ್ನು ಮನೆಗೆ ಒಯ್ಯಲಿಲ್ಲ. ಜಿಮ್ಮಿ ಕಾರ್ಟರ್ ಅವರ ಆಪ್ತ ಹ್ಯಾಮಿಲ್ಟನ್ ಜೋರ್ಡನ್‌ಗೆಂದು, ಚಕ್ರದ ಕಡ್ಡಿಗಳ ಬಗ್ಗೆ ಎಚ್ಚರವಿರಲಿ ಎಂದು ಚೀಟಿ ಬರೆದು ಅಲ್ಲೇ ಬಿಟ್ಟುಹೋದರು.

ಜೋರ್ಡನ್ ನಕ್ಕಿರಬೇಕು. ಏಕೆಂದರೆ ಕಾರ್ಟರ್ ಕೂಡ ಮುಖ್ಯಸ್ಥರೇ ಬೇಡ ಎಂದು ಬಂದವರು. ಎಂಜಿನಿಯರ್ ಬುದ್ಧಿಯ ಆ ಸಜ್ಜನರು ಎಲ್ಲ ಕಾಗದವನ್ನೂ ತಾವೇ ಓದುತ್ತಿದ್ದರು, ಅಂಚಿನಲ್ಲಿ ತಿದ್ದುತ್ತಿದ್ದರು. ಎರಡೂವರೆ ವರ್ಷ ಹೀಗೆ ಕಳೆದು, ಪೆಟ್ರೋಲ್ ಬಂಕ್‌ಗಳ ಮುಂದೆ ಜನರ ಸಾಲು ಬೆಳೆದು, ಜನಪ್ರಿಯತೆ ಪಾತಾಳಕ್ಕಿಳಿದ ಮೇಲೆ 1979ರ ಜುಲೈನಲ್ಲಿ ಜೋರ್ಡನ್ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ಆ ವೇಳೆಗೆ ಊರು ಕೊಳ್ಳೆಹೊಡೆದಾಗಿತ್ತು.

ಇನ್ನು 1980ರ ನವೆಂಬರ್. ಈ ಇತಿಹಾಸದಲ್ಲಿ ನನಗೆ ಅತ್ಯಂತ ಕುತೂಹಲದ ಆಯ್ಕೆ ಇದೇ. ರೊನಾಲ್ಡ್ ರೇಗನ್ ಗೆದ್ದಾಗ ಹುದ್ದೆ ಎಡ್ವಿನ್ ಮೀಸ್ ಅವರಿಗೆ ಎಂದು ಎಲ್ಲರೂ, ಎಲ್ಲರಿಗಿಂತ ಮೊದಲು ಸ್ವತಃ ಮೀಸ್, ಅಂದುಕೊಂಡಿದ್ದರು. ಕ್ಯಾಲಿಫೋರ್ನಿಯಾ ಗವರ್ನರ್ ಆಗಿದ್ದಾಗ ರೇಗನ್ ಕಚೇರಿಯನ್ನು ನಡೆಸಿದವರು ಅವರೇ. ಒಂದೇ ತೊಡಕೆಂದರೆ, ಮೀಸ್ ಅವರ ಕೈಚೀಲ ಸೇರಿದ ಕಾಗದ ಮತ್ತೆ ಹೊರಬಾರದು ಎಂಬುದು ಅವರ ಸ್ನೇಹಿತರೇ ಆಡುತ್ತಿದ್ದ ನಗೆಮಾತು. ಪ್ರಚಾರ ತಂತ್ರಜ್ಞ ಸ್ಟುವರ್ಟ್ ಸ್ಪೆನ್ಸರ್ ಮತ್ತು ಆಪ್ತ ಮೈಕಲ್ ಡೀವರ್ ಬೇರೊಂದು ಹೆಸರು ತಂದರು: ಜೇಮ್ಸ್ ಬೇಕರ್. ಹ್ಯೂಸ್ಟನ್‌ನ ಈ ವಕೀಲ 1976ರಲ್ಲಿ ಫೋರ್ಡ್ ಪರ, 1980ರಲ್ಲಿ ಜಾರ್ಜ್ ಬುಷ್ ಪರ ಕೆಲಸ ಮಾಡಿ, ಎರಡು ಬಾರಿಯೂ ಪಕ್ಷದ ಟಿಕೆಟ್ಟಿಗಾಗಿ ರೇಗನ್ ವಿರುದ್ಧ ಹೋರಾಡಿದವರು. ನ್ಯಾನ್ಸಿ ರೇಗನ್ ಒಪ್ಪಿದರು. ಗಂಡನೂ ಒಪ್ಪಿದರು. ವಿರೋಧಿ ಪಾಳೆಯದ ಸೇನಾಪತಿಯ ಕೈಗೆ ಮನೆಯ ಬೀಗದ ಕೈ ಕೊಡುವ ಧೈರ್ಯ ನಮ್ಮ ಯಾವ ಪಕ್ಷದ ನಾಯಕರಿಗಿದೆ, ಯೋಚಿಸಿ ನೋಡಿ.

ಮೀಸ್ ಅವರನ್ನು ಸಮಾಧಾನಪಡಿಸುವುದು ಬೇಕರ್ ಪಾಲಿಗೆ ಬಂತು. ಅವರು ಒಂದೇ ಹಾಳೆಯಲ್ಲಿ ಇಬ್ಬರ ಹೆಸರು ಬರೆದು ಕೆಲಸ ಹಂಚಿದರು. ಮೀಸ್ ಹೆಸರಿನ ಕೆಳಗೆ ಸಂಪುಟ ದರ್ಜೆ, ನೀತಿ ಸಲಹೆಗಾರರ ಸ್ಥಾನ, ಸಂಪುಟ ಸಭೆಗಳಲ್ಲಿ ಆಸನ. ಬೇಕರ್ ಕೆಳಗೆ ನೋಡಿದರೆ ಗುಮಾಸ್ತಿಕೆಯಂತೆ ಕಾಣುವ ಸಂಗತಿಗಳು: ಶ್ವೇತಭವನದ ಸಿಬ್ಬಂದಿಯನ್ನು ನೇಮಿಸುವ, ತೆಗೆಯುವ ಅಧಿಕಾರ, ಅಧ್ಯಕ್ಷರ ಬಳಿಗೆ ಹೋಗುವ, ಅಲ್ಲಿಂದ ಬರುವ ಎಲ್ಲ ಕಾಗದದ ಮೇಲೆ ಹಿಡಿತ, ಭೇಟಿಯ ವೇಳಾಪಟ್ಟಿ, ಜೊತೆಗೆ, ರೂಢಿಯಂತೆ ಮುಖ್ಯಸ್ಥರು ಕೂರುವ ಮೂಲೆಯ ಕೊಠಡಿ. ಮೀಸ್ ಸಹಿ ಹಾಕಿದರು. ಅವರಿಗೆ ಮಾನ ಸಿಕ್ಕಿತು, ಬೇಕರ್‌ಗೆ ಬಾಗಿಲು ಸಿಕ್ಕಿತು. ನಾಲ್ಕು ವರ್ಷ ಆಡಳಿತ ನಡೆದದ್ದು ಯಾವ ಕಾಲಮ್ಮಿನಿಂದ ಎಂಬುದರಲ್ಲಿ ವಾಷಿಂಗ್ಟನ್‌ನಲ್ಲಿ ಯಾರಿಗೂ ಅನುಮಾನವಿರಲಿಲ್ಲ.

1985ರಲ್ಲಿ ದಣಿದ ಬೇಕರ್ ಖಜಾನೆ ಕಾರ್ಯದರ್ಶಿ ಡೊನಾಲ್ಡ್ ರೀಗನ್ ಅವರೊಂದಿಗೆ ಕುರ್ಚಿ ಬದಲಾಯಿಸಿಕೊಂಡರು. ರೇಗನ್‌ಗೊಬ್ಬ ರೀಗನ್ ಎಂದು ಪ್ರಾಸ ಕೂಡಿತೇ ವಿನಾ ಕೆಲಸ ಕೂಡಲಿಲ್ಲ. ವಾಲ್ ಸ್ಟ್ರೀಟ್ ಕಂಪನಿಯ ದೊರೆಯಾಗಿದ್ದವರು ತಾವು ಇನ್ನೊಬ್ಬರ ಸಿಬ್ಬಂದಿ ಎಂಬುದನ್ನೇ ಮರೆತರು. ಒಮ್ಮೆ ನ್ಯಾನ್ಸಿ ಮಾತಾಡುತ್ತಿದ್ದಾಗಲೇ ಫೋನ್ ಇಟ್ಟರು. ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿದ ಹಗರಣ ಸ್ಫೋಟಿಸಿ, 1987ರ ಫೆಬ್ರವರಿಯಲ್ಲಿ ತಮ್ಮ ಜಾಗಕ್ಕೆ ಬೇರೆಯವರು ಬಂದ ಸುದ್ದಿ ಟಿವಿಯಿಂದ ತಿಳಿದಾಗ, ಒಂದೇ ವಾಕ್ಯದ ರಾಜೀನಾಮೆ ಬರೆದು ಹೊರನಡೆದರು. ರೇಗನ್ ನಂತರ ಅಧ್ಯಕ್ಷರಾದ ಹಿರಿಯ ಬುಷ್ ಆರಿಸಿದ ಜಾನ್ ಸುನೂನು ಕೂಡ ಆಡಮ್ಸ್‌ರಂತೆ ನ್ಯೂ ಹ್ಯಾಂಪ್‌ಶೈರ್‌ನ ಮಾಜಿ ಗವರ್ನರ್. ಸರ್ಕಾರಿ ಕಾರಿನಲ್ಲಿ ಅಂಚೆಚೀಟಿ ಹರಾಜಿಗೆ ಹೋದದ್ದೂ ಸೇರಿ ಓಡಾಟದ ಲೆಕ್ಕಗಳು ಅವರ ಹೆಸರು ಕೆಡಿಸಿದವು. 1991ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು.

ಬಿಲ್ ಕ್ಲಿಂಟನ್ 1992ರಲ್ಲಿ ಮಾಡಿದ್ದು ಇನ್ನೊಂದು ಬಗೆಯ ತಪ್ಪು. ಸಂಪುಟ ರಚನೆಯಲ್ಲೇ ವಾರಗಟ್ಟಲೆ ಮುಳುಗಿದರು. ಶ್ವೇತಭವನದ ಸಿಬ್ಬಂದಿಯ ಹೆಸರುಗಳು ಬಂದದ್ದು ಪ್ರಮಾಣವಚನದ ಹೊಸ್ತಿಲಲ್ಲಿ. ಮುಖ್ಯಸ್ಥರಾಗಿ ಆರಿಸಿದ್ದು ಹೋಪ್ ಎಂಬ ಹುಟ್ಟೂರಿನ ಶಿಶುವಿಹಾರದಲ್ಲಿ ಜೊತೆಗೆ ಓದಿದ ಮ್ಯಾಕ್ ಮೆಕ್‌ಲಾರ್ಟಿ ಅವರನ್ನು. ಒಳ್ಳೆಯವರು ಎಂದು ಎಲ್ಲರೂ ಹೊಗಳುವ ವ್ಯಕ್ತಿ. ತೊಂದರೆಯೂ ಅದೇ ಆಗಿತ್ತು. 1994ರಲ್ಲಿ ಬಜೆಟ್ ನಿರ್ದೇಶಕ ಲಿಯಾನ್ ಪನೆಟ್ಟಾ ಬಂದು, ಕಂಡಕಂಡವರು ಅಧ್ಯಕ್ಷರ ಕೊಠಡಿಯಾದ ಓವಲ್ ಆಫೀಸಿಗೆ ನುಗ್ಗುವುದನ್ನು ನಿಲ್ಲಿಸಿದರು.

ಬರಾಕ್ ಒಬಾಮ ಆ ಪಾಠ ಕಲಿತಿದ್ದರು. 2008ರ ನವೆಂಬರ್ 4ರಂದು ಗೆದ್ದರು, 6ರಂದು ರಾಮ್ ಇಮ್ಯಾನುಯೆಲ್ ಒಪ್ಪಿಕೊಂಡರು. 2016ರಲ್ಲಿ ಟ್ರಂಪ್, ರಿಪಬ್ಲಿಕನ್ ಪಕ್ಷದ ಅಧ್ಯಕ್ಷರಾಗಿದ್ದ ಪ್ರೀಬಸ್ ಅವರನ್ನು ಆರಿಸಿದರಾದರೂ, ಅದೇ ಪ್ರಕಟಣೆಯಲ್ಲಿ ಪ್ರಚಾರ ನಡೆಸಿದ್ದ ಸ್ಟೀವ್ ಬ್ಯಾನನ್ ಅವರಿಗೆ ಸಮಾನ ಪಾಲು ಎಂದರು, ಬ್ಯಾನನ್ ಹೆಸರನ್ನೇ ಮೊದಲು ಹಾಕಿದರು. ಬೇಕರ್ ಹಾಳೆಯಂಥ ಹಾಳೆ ಪ್ರೀಬಸ್ ಕೈಯಲ್ಲಿರಲಿಲ್ಲ. ಮಳೆಯ ಆ ಸಂಜೆ ಬಂದದ್ದು ಅಲ್ಲಿಂದಲೇ ಎಂಬುದು ನನ್ನ ಎಣಿಕೆ. ಆ ನಾಲ್ಕು ವರ್ಷಗಳಲ್ಲಿ ನಾಲ್ವರು ಮುಖ್ಯಸ್ಥರು ಬಂದರು. 2024ರಲ್ಲಿ ಮತ್ತೆ ಗೆದ್ದ ಟ್ರಂಪ್ ಎರಡೇ ದಿನದಲ್ಲಿ ಪ್ರಚಾರದ ಸೂತ್ರ ಹಿಡಿದಿದ್ದ ಸೂಸಿ ವೈಲ್ಸ್ ಅವರ ಹೆಸರು ಪ್ರಕಟಿಸಿದರು. ಈ ಹುದ್ದೆಗೆ ಆಯ್ಕೆಯಾದ ಮೊದಲ ಮಹಿಳೆ ಅವರು. ಒಪ್ಪುವ ಮುನ್ನ ಓವಲ್ ಆಫೀಸಿಗೆ ಯಾರು ಬರಬಹುದು ಎಂಬುದರ ಮೇಲೆ ತಮಗೆ ಹಿಡಿತ ಬೇಕೆಂದು ಅವರು ಕೇಳಿದ್ದಾಗಿ ಸಿಎನ್‌ಎನ್ ಅಂದು ವರದಿ ಮಾಡಿತ್ತು. 1980ರ ಹಾಳೆಯಲ್ಲಿ ಬೇಕರ್ ಹೆಸರಿನ ಕಾಲಮ್ಮಿನಲ್ಲಿದ್ದುದೂ ಅದೇ.

ಇಮ್ಯಾನುಯೆಲ್ ಆಯ್ಕೆಯಾದ ಮರುತಿಂಗಳು, 2008ರ ಡಿಸೆಂಬರ್‌ನಲ್ಲಿ, ಕಿರಿಯ ಬುಷ್ ಅವರ ಮುಖ್ಯಸ್ಥ ಜೋಶುವಾ ಬೋಲ್ಟನ್ ತಮ್ಮ ಕೊಠಡಿಗೆ ಹಳೆಯ ಮುಖ್ಯಸ್ಥರನ್ನೆಲ್ಲ ಬೆಳಗಿನ ತಿಂಡಿಗೆ ಕರೆದರು. ರಿಪಬ್ಲಿಕನ್, ಡೆಮಾಕ್ರಟ್ ಎಂಬ ಭೇದವಿಲ್ಲದೆ ಬಂದವರು ಹೊಸಬರಿಗೆ ಒಬ್ಬೊಬ್ಬರಾಗಿ ಬುದ್ಧಿಮಾತು ಹೇಳುತ್ತ ಬಂದರು. ಸೈಕಲ್ ಚಕ್ರ ಬಿಟ್ಟುಹೋಗಿದ್ದ ಡಿಕ್ ಚೇನಿಯ ಸರದಿ ಬಂತು. ಎಂಟು ವರ್ಷ ಅಮೆರಿಕದ ಅತ್ಯಂತ ಪ್ರಬಲ ಉಪಾಧ್ಯಕ್ಷ ಎನಿಸಿಕೊಂಡಿದ್ದ ಅವರು ಹೇಳಿದ್ದು ಇಷ್ಟೇ: ಏನಾದರೂ ಆಗಲಿ, ನಿಮ್ಮ ಉಪಾಧ್ಯಕ್ಷರನ್ನು ಹದ್ದುಬಸ್ತಿನಲ್ಲಿಡಿ. ಕೊಠಡಿ ತುಂಬ ನಗು.