ಅಕ್ಕಿಕಾಳಿನಷ್ಟು ಗಡ್ಡೆ, ಸೆಕೆಂಡಿಗೆ 5000 ಸುತ್ತು

ರೋಗಿ ಎಂಆರ್‌ಐ ಯಂತ್ರದೊಳಗೆ ಮಲಗಿರುವಾಗಲೇ ಮೆದುಳಿನ ರಾಸಾಯನಿಕ ರೋಹಿತವನ್ನೂ, ಅಂದರೆ ಅಲ್ಲಿನ ಅಣುಗಳ ಸಂಕೇತಗಳ ಗೆರೆಚಿತ್ರವನ್ನೂ, ತೆಗೆಯಬಹುದು. ಗಡ್ಡೆಯಿರುವ ಕಡೆ 3.2 ಪಿಪಿಎಂ (ಗೆರೆಚಿತ್ರದಲ್ಲಿ ಶಿಖರದ ಜಾಗ ಹೇಳುವ ಅಳತೆ) ಬಳಿ ಕೋಶಪೊರೆಯ ಘಟಕವಾದ ಕೋಲೀನಿನ ಶಿಖರ ಎದ್ದು ನಿಲ್ಲುತ್ತದೆ, 2.0ರಲ್ಲಿರುವ, ನರಕೋಶಗಳ ಗುರುತಾದ ಎನ್‌ಎಎ ಕುಗ್ಗುತ್ತದೆ. ಆದರೆ ಆ ಒಂದೇ ಕೋಲೀನ್ ಶಿಖರದಲ್ಲಿ ಮೂರು ವಸ್ತುಗಳು ಬೆರೆತಿವೆ: ಬಿಡಿ ಕೋಲೀನ್ (3.20), ಫಾಸ್ಫೋಕೋಲೀನ್ (3.22), ಗ್ಲಿಸರೋಫಾಸ್ಫೋಕೋಲೀನ್ (3.23). ಇವನ್ನು ಬಿಡಿಸಿ ನೋಡಬೇಕಾದರೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚೂರನ್ನೇ ಎನ್‌ಎಂಆರ್ ಯಂತ್ರಕ್ಕೆ (ಅಣುಗಳ ಕಾಂತೀಯ ಸಂಕೇತದಿಂದ ರೋಹಿತ ತೆಗೆಯುವ ಯಂತ್ರ) ಹಾಕಬೇಕು.

ಹಾಗೇ ಹಾಕಿದರೆ ಕಾಣುವುದು ಮಣ್ಣಿನ ದಿಬ್ಬದಂಥ ಅಗಲ ಗೆರೆಗಳಷ್ಟೇ. ದ್ರವದಲ್ಲಿ ಅಣುಗಳು ಎಲ್ಲ ದಿಕ್ಕಿಗೂ ಉರುಳಾಡುವುದರಿಂದ ಅವುಗಳ ಪರಸ್ಪರ ಕಾಂತೀಯ ಎಳೆದಾಟ ಸರಾಸರಿಯಾಗಿ ಅಳಿಸಿಹೋಗುತ್ತದೆ. ಅಂಗಾಂಶ ಪೂರ್ತಿ ದ್ರವವೂ ಅಲ್ಲ, ಘನವೂ ಅಲ್ಲ. ಕೊಬ್ಬು, ನಾರು, ನೀರು ಕೂಡುವ ಗಡಿಗಳಲ್ಲೆಲ್ಲ ಕಾಂತಕ್ಷೇತ್ರ ಒಂದಿಷ್ಟು ಬದಲಾಗುತ್ತದೆ. ಇದಕ್ಕೆ ಮದ್ದು ಘನವಸ್ತುಗಳ ಅಧ್ಯಯನದಿಂದ ಬಂತು. ಮಾದರಿಯನ್ನು ಕಾಂತಕ್ಷೇತ್ರಕ್ಕೆ 54.7 ಡಿಗ್ರಿ ಓರೆಯಾಗಿಟ್ಟು ಗಿರ್ರನೆ ತಿರುಗಿಸಿದರೆ ಗೆರೆ ಸಣ್ಣಗಾಗುತ್ತದೆ ಎಂದು ಭೌತವಿಜ್ಞಾನಿ ಆಂಡ್ರೂ ತಂಡ 1958ರಲ್ಲಿ, ಲೋವ್ 1959ರಲ್ಲಿ ತೋರಿಸಿದರು. ಆ ಕೋನಕ್ಕೆ 'ಮಾಯಾಕೋನ' ಎಂಬ ಹೆಸರು ನಿಂತಿತು.

ಬೇಕಾಗುವುದು 10ರಿಂದ 20 ಮಿಲಿಗ್ರಾಂ, ಒಂದು ಅಕ್ಕಿಕಾಳಿನ ತೂಕ. ಅದನ್ನು 4 ಮಿಮೀ ಅಗಲದ ಜಿರ್ಕೋನಿಯಾ ರೋಟರಿಗೆ (ತಿರುಗುವ ಪುಟ್ಟ ಕೊಳವೆಗೆ) ತುಂಬಿ, ಭಾರಜಲದಲ್ಲಿ ಮಾಡಿದ ಫಾಸ್ಫೇಟ್ ಬಫರ್ (ಆಮ್ಲತೆ ಏರುಪೇರಾಗದಂತೆ ತಡೆಯುವ ದ್ರಾವಣ) ಹಾಕಿ, ಗುಳ್ಳೆ ಉಳಿಯದಂತೆ ಮುಚ್ಚಬೇಕು. ಗುಳ್ಳೆ ಉಳಿದರೆ ಗೆರೆ ಅಗಲವಾಗುತ್ತದೆ, ರೋಟರ್ ತೂಕ ತಪ್ಪಿ ವೇಗ ಹಿಡಿಯದು. ಗಾಳಿಯ ರಭಸಕ್ಕೆ ಅದು ಸೆಕೆಂಡಿಗೆ 5000 ಸುತ್ತು ತಿರುಗುತ್ತದೆ. ಅಂದರೆ ನಿಮಿಷಕ್ಕೆ 3 ಲಕ್ಷ. ಮನೆಯ ಮಿಕ್ಸಿ 20 ಸಾವಿರದ ಹತ್ತಿರ ಹೋದರೆ ಹೆಚ್ಚು. ಒಳಗೋಡೆಗೆ ಬೀಳುವ ಒತ್ತಡ ಗುರುತ್ವದ ಲಕ್ಷಪಟ್ಟು ಮೀರುತ್ತದೆ, ಜೀವಕೋಶಗಳಿಗೆ ಇದು ಸುಖವೇನಲ್ಲ.

ವೇಗ ಕಡಿಮೆ ಮಾಡಿದರಾಯಿತಲ್ಲ? ಆಗದು. 500 ಮೆಗಾಹರ್ಟ್ಸ್ ಯಂತ್ರದಲ್ಲಿ 5000 ಸುತ್ತಿಗೆ ತಿರುಗಾಟದಿಂದ ಹುಟ್ಟುವ ನೀರಿನ ನೆರಳು ಶಿಖರಗಳು ನೀರಿನ ಶಿಖರದಿಂದ 10 ಪಿಪಿಎಂ ದೂರ ಹೋಗಿ ಬೀಳುತ್ತವೆ, ತೊಂದರೆಯಿಲ್ಲ. 2000ಕ್ಕಿಳಿಸಿದರೆ ಒಂದು ನೆರಳು 1.0ರ ಬಳಿ, ಕೊಬ್ಬಿನ ಶಿಖರದ ಪಕ್ಕದಲ್ಲೇ ಕೂರುತ್ತದೆ. ಹೊಸಬರು ಅದಕ್ಕೊಂದು ಅಣುವಿನ ಹೆಸರಿಟ್ಟುಬಿಡುವ ಅಪಾಯವಿದೆ.

ಇಷ್ಟೆಲ್ಲ ಸರಿಯಿದ್ದರೂ ರೋಹಿತ ಕೆಡುವುದು ಹೆಚ್ಚಾಗಿ ಆಪರೇಷನ್ ಥಿಯೇಟರಿನಲ್ಲೇ. ರಕ್ತ ನಿಂತ ಕ್ಷಣದಿಂದ ಕೋಶಗಳು ಆಮ್ಲಜನಕವಿಲ್ಲದೆ ಗ್ಲೂಕೋಸ್ ಉರಿಸತೊಡಗುತ್ತವೆ. ಗ್ಲೂಕೋಸ್ ಕರಗಿ 1.33ರಲ್ಲಿ ಲ್ಯಾಕ್ಟೇಟ್ ಬೆಳೆಯುತ್ತದೆ. ಅದು ಗಡ್ಡೆಯದ್ದೋ, ಟ್ರೇಯಲ್ಲಿ ಕಾದದ್ದೋ ಎಂದು ಆಮೇಲೆ ಹೇಳಲಾಗದು. ಹಾಗಾಗಿ ಚೂರು ಕೈಗೆ ಬಂದೊಡನೆ ದ್ರವ ಸಾರಜನಕಕ್ಕೆ ಹೋಗಬೇಕು, ಎಷ್ಟು ನಿಮಿಷವಾಯಿತೆಂದು ಬರೆದಿಡಬೇಕು. ಫಾರ್ಮಲಿನ್‌ನಲ್ಲಿ ಅದ್ದಿದ ಮಾದರಿಯ ಸಣ್ಣ ಅಣುಗಳು ಆ ದ್ರಾವಣಕ್ಕೇ ಸೋರಿಹೋಗಿರುತ್ತವೆ. ಚರ್ಮ ಒರೆಸಿದ ಸ್ಪಿರಿಟ್ ಕೂಡ 1.18 ಮತ್ತು 3.65ರಲ್ಲಿ ತನ್ನ ಹಾಜರಿ ಹಾಕುತ್ತದೆ.

ಯಂತ್ರದೊಳಗೆ ಮಾದರಿಯನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡುತ್ತಾರೆ. ತಿರುಗುವ ಘರ್ಷಣೆಗೇ ಬಿಸಿಯಾಗುವುದರಿಂದ ತಂಪುಗಾಳಿ ಹೆಚ್ಚೇ ಬೇಕು. ನೀರಿನ ಸಂಕೇತವನ್ನು ಅಡಗಿಸಿ, ಸಾಲು ಸಾಲು ಪ್ರತಿಧ್ವನಿ ಸ್ಪಂದಗಳಿಂದ (ಸಂಕೇತವನ್ನು ಮರಳಿ ಮರಳಿ ಎಬ್ಬಿಸುವ ರೇಡಿಯೋ ತರಂಗದ ತುಣುಕುಗಳಿಂದ) ಪ್ರೋಟೀನು, ಕೊಬ್ಬುಗಳ ಅಗಲ ಗೆರೆಗಳನ್ನು ಸೋಸಿದರೆ ಸಣ್ಣ ಅಣುಗಳು ಉಳಿಯುತ್ತವೆ. 128 ಸಲ ಅಳೆದು ಕೂಡಿಸಲು ಹತ್ತು ನಿಮಿಷ ಸಾಕು. ಐಡಿಎಚ್ ಎಂಬ ಜೀನ್ ಕೆಟ್ಟ ಗ್ಲಯೋಮಾಗಳಲ್ಲಿ (ಮೆದುಳಿನ ಒಂದು ಬಗೆಯ ಗಡ್ಡೆಗಳಲ್ಲಿ) ಶೇಖರವಾಗುವ 2-ಹೈಡ್ರಾಕ್ಸಿಗ್ಲುಟರೇಟ್ ಮಾತ್ರ ಸತಾಯಿಸುತ್ತದೆ: 2.25ರಲ್ಲಿರುವ ಅದಕ್ಕೆ ಪಕ್ಕದಲ್ಲೇ ನರಕೋಶಗಳ ಸಂದೇಶವಾಹಕಗಳಾದ ಗಾಬಾ, ಗ್ಲುಟಮೇಟ್‌ಗಳ ಗುಂಪು. ಬೇರ್ಪಡಿಸಲು ಎರಡು ಆಯಾಮದ (ಶಿಖರಗಳನ್ನು ಎರಡು ಅಕ್ಷಗಳ ಮೇಲೆ ಹರಡುವ) ರೋಹಿತ ಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಚೂರು ಬದಲಾಗಿರಬಹುದು. ಆದ್ದರಿಂದ ಕೊನೆಗೆ ಮೊದಲಿನ ಹತ್ತು ನಿಮಿಷದ ರೋಹಿತವನ್ನು ಮತ್ತೊಮ್ಮೆ ತೆಗೆದು ಹೋಲಿಸಬೇಕು.

ರೋಟರಿನಿಂದ ಹೊರಬಂದ ಚೂರನ್ನು ಎಸೆಯಬಾರದು. ಘನೀಕರಣದಿಂದ, ತಿರುಗಾಟದಿಂದ ಜಜ್ಜಿದ್ದರೂ ಅದು ಸೂಕ್ಷ್ಮದರ್ಶಕಕ್ಕೆ ಒಗ್ಗುತ್ತದೆ. 0.9 ಮತ್ತು 1.3ರಲ್ಲಿ ಕೊಬ್ಬು ಧಾರಾಳವಾಗಿ ಕಂಡಿದ್ದರೆ, ಅದು ಸತ್ತ ಭಾಗದ ಸುಳಿವಿರಬಹುದಾದ್ದರಿಂದ, ಅದೇ ಚೂರನ್ನು ರೋಗಶಾಸ್ತ್ರಜ್ಞರಿಗೆ ಕಳಿಸಬೇಕು. ನಾವು ಅಳೆದದ್ದು ಜೀವಂತ ಗಡ್ಡೆಯನ್ನೋ, ಅದರ ನಡುವೆ ಸತ್ತು ಕೊಳೆತ ಭಾಗವನ್ನೋ ಎಂದು ಹೇಳಬಲ್ಲವರು ಅವರೇ.